ಸುಂಡಿಲಿಯ ಮೇದೋಜೀರಕ ಉರಿಯೂತಕ್ಕೆ ಮುಂಚಿತ ಔಷಧ: ಪ್ರಯೋಗ ಎಲ್ಲಿ ಎಡವುತ್ತದೆ, ಹೇಗೆ ನಡೆಸಬೇಕು

ಪ್ರಬಂಧದ ರೂಪುರೇಷೆ ಸಲ್ಲಿಸುವ ತಿಂಗಳು ಬಂತೆಂದರೆ ಕಾರವಾರದ ನನ್ನ ಮೇಜಿನ ಮೇಲೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ ಕಾಗದಗಳು ಬಂದು ಬೀಳುತ್ತವೆ. ನಾಲ್ಕು ಗುಂಪು, ಗುಂಪಿಗೆ ಆರು ಸುಂಡಿಲಿ. ಮೊದಲು ಔಷಧ, ಆಮೇಲೆ ಉರಿಯೂತ ಹುಟ್ಟಿಸುವ ಸೆರುಲಿನ್. ಕೊನೆಗೆ ರಕ್ತದಲ್ಲಿ ಅಮೈಲೇಸ್ ಎಂಬ ಜೀರ್ಣಕಿಣ್ವ ಇಳಿದಿದೆ, ಆದ್ದರಿಂದ ಔಷಧ ಉರಿಯೂತವನ್ನು ತಗ್ಗಿಸಿದೆ. ವರ್ಷ ಕಳೆದ ಮೇಲೆ ಅದೇ ವಿದ್ಯಾರ್ಥಿ ಪರಿಶೀಲಕರ ಪತ್ರ ಹಿಡಿದು ಮರಳಿ ಬರುತ್ತಾನೆ. ಆಕ್ಷೇಪಗಳೂ ಒಂದೇ ಅಚ್ಚಿನವು. ಔಷಧ ಸೆರುಲಿನ್‌ನ ಕೆಲಸವನ್ನೇ ತಡೆದಿರಬಹುದಲ್ಲವೇ? ಇದು ಔಷಧ ಕರಗಿಸಿದ ದ್ರಾವಕದ ಪ್ರಭಾವವಲ್ಲವೆಂದು ಹೇಗೆ ಗೊತ್ತು? ಸೂಕ್ಷ್ಮದರ್ಶಕದಲ್ಲಿ ನೋಡಿ ಅಂಕ ಕೊಟ್ಟವರಿಗೆ ಗುಂಪು ಯಾವುದೆಂದು ತಿಳಿದಿತ್ತೇ? ಉತ್ತರ ಹುಡುಕಲು ಅಷ್ಟು ಹೊತ್ತಿಗೆ ಒಂದು ಪ್ರಾಣಿಯೂ ಉಳಿದಿರುವುದಿಲ್ಲ.

ಕರಾವಳಿಯಲ್ಲೂ ಘಟ್ಟದ ಮೇಲೂ ಫಾರ್ಮಸಿ ಅಥವಾ ವೈದ್ಯಕೀಯ ಸ್ನಾತಕೋತ್ತರ ಓದುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಜೀರ್ಣಕಿಣ್ವಗಳು ಮೇದೋಜೀರಕ ಗ್ರಂಥಿಯೊಳಗೇ ಚುರುಕುಗೊಂಡು ಅದನ್ನೇ ಅರಗಿಸತೊಡಗುವುದು ತೀವ್ರ ಪ್ಯಾಂಕ್ರಿಯಾಟೈಟಿಸ್ ಎಂಬಷ್ಟು ನಿಮಗೆ ಗೊತ್ತಿದೆ ಎಂದುಕೊಂಡಿದ್ದೇನೆ. ಲ್ಯಾಬ್‌ನವರು ಮೌಸ್ ಎನ್ನುವುದನ್ನು ಇಲ್ಲಿ ಸುಂಡಿಲಿ ಎಂದೂ ರ‍್ಯಾಟ್ ಎನ್ನುವುದನ್ನು ದೊಡ್ಡ ಇಲಿ ಎಂದೂ ಕರೆದಿದ್ದೇನೆ.

ಹಂತ 1: ಔಷಧ ಯಾವ ಗಳಿಗೆಯದು ಎಂದು ಮೊದಲೇ ತೀರ್ಮಾನಿಸಿ

ಶಿರಸಿಯ ಹಳ್ಳಿಯೊಂದರಲ್ಲಿ ರಾತ್ರಿ ಊಟದ ನಂತರ ಹೊಟ್ಟೆನೋವು ಶುರುವಾಯಿತು ಎಂದುಕೊಳ್ಳಿ. ಗ್ಯಾಸ್ ಎಂದು ಕಷಾಯ ಕುಡಿಯುತ್ತಾರೆ. ಬೆಳಗ್ಗೆ ತಾಲ್ಲೂಕು ಆಸ್ಪತ್ರೆ, ಮಧ್ಯಾಹ್ನ ಆಂಬ್ಯುಲೆನ್ಸ್‌ನಲ್ಲಿ ಹುಬ್ಬಳ್ಳಿ ಅಥವಾ ಮಣಿಪಾಲ. 2024ರ ಜುಲೈಯಲ್ಲಿ ಶಿರೂರಿನ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದ್ದಂಥ ದಿನಗಳಾದರೆ ಇನ್ನೂ ತಡ. ರೋಗಿ ವೈದ್ಯರ ಕೈಗೆ ಸಿಗುವ ಹೊತ್ತಿಗೆ ಉರಿಯೂತಕ್ಕೆ ಅರ್ಧ ದಿನದ ವಯಸ್ಸು. ನಿಮ್ಮ ಸುಂಡಿಲಿಗಾದರೋ ರೋಗ ಹುಟ್ಟುವುದಕ್ಕೆ ಒಂದು ಗಂಟೆ ಮೊದಲೇ ಔಷಧ ಸಿಕ್ಕಿರುತ್ತದೆ.

ಈ ಅಂತರಕ್ಕೆ ಬೆಲೆ ತೆತ್ತ ಉದಾಹರಣೆ ಲೆಕ್ಸಿಪಫಾಂಟ್. ಪ್ರಾಣಿಗಳಲ್ಲಿ ಭರವಸೆ ಹುಟ್ಟಿಸಿದ್ದ ಈ ಔಷಧ 2001ರಲ್ಲಿ ಪ್ರಕಟವಾದ 290 ರೋಗಿಗಳ ಅಧ್ಯಯನದಲ್ಲಿ ಅಂಗವೈಫಲ್ಯವನ್ನು ತಗ್ಗಿಸಲಿಲ್ಲ. ಅಧ್ಯಯನಕ್ಕೆ ಸೇರುವ ಹೊತ್ತಿಗೇ ಅವರಲ್ಲಿ ಹಲವರ ಅಂಗಗಳು ಸೋತಾಗಿತ್ತು.

ಹಾಗೆಂದು ಪೂರ್ವಚಿಕಿತ್ಸೆಯ ಪ್ರಯೋಗ ವ್ಯರ್ಥವೆಂದು ಭಾವಿಸಬೇಡಿ. ಉರಿಯೂತದ ಯಾವ ಕೊಂಡಿ ಮುಖ್ಯ ಎಂದು ತಿಳಿಯಲು ಅದು ಸರಿಯಾದ ದಾರಿ. ರೋಗ ಯಾವಾಗ ಬರಬಹುದೆಂದು ವೈದ್ಯರಿಗೆ ಮೊದಲೇ ತಿಳಿದಿರುವ ಸಂದರ್ಭವೂ ಒಂದಿದೆ. ಬಾಯಿಂದ ಸಣ್ಣಕರುಳಿಗೆ ದರ್ಶಕ ಇಳಿಸಿ ಪಿತ್ತನಾಳವನ್ನು ಪರೀಕ್ಷಿಸುವ ಇಆರ್‌ಸಿಪಿಯ ನಂತರ ಕೆಲವರಿಗೆ ಪ್ಯಾಂಕ್ರಿಯಾಟೈಟಿಸ್ ಬರುತ್ತದೆ. ಅದನ್ನು ತಡೆಯಲು 100 ಮಿಲಿಗ್ರಾಂ ಇಂಡೋಮೆಥಾಸಿನ್ ಅಥವಾ ಡೈಕ್ಲೋಫೆನಾಕನ್ನು ಗುದದ್ವಾರದ ಮೂಲಕ ಕೊಡುವುದು ಈಗ ರೂಢಿ. ಅಪಾಯ ಹೆಚ್ಚಿರುವ 602 ಮಂದಿಯ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಡೋಮೆಥಾಸಿನ್ ಪಡೆದವರಲ್ಲಿ ಶೇ 9.2, ಪಡೆಯದವರಲ್ಲಿ ಶೇ 16.9 ಮಂದಿಗೆ ಈ ತೊಂದರೆ ಬಂತು. ಆ ಅಧ್ಯಯನದಲ್ಲಿ ಔಷಧ ಕೊಟ್ಟದ್ದು ಇಆರ್‌ಸಿಪಿ ಮುಗಿದ ಕೂಡಲೇ ಎಂಬುದನ್ನು ಗಮನಿಸಿ.

ಆದ್ದರಿಂದ ಮೊದಲ ಕೆಲಸ ಒಂದು ವಾಕ್ಯ ಬರೆಯುವುದು: "ಈ ಔಷಧವನ್ನು ಇಷ್ಟು ಗಂಟೆ ಮೊದಲು ಕೊಟ್ಟರೆ ಇಂಥ ಅಳತೆ ಇಷ್ಟು ಇಳಿಯುತ್ತದೆಯೇ?" ಈ ವಾಕ್ಯದಲ್ಲಿ "ಚಿಕಿತ್ಸೆ" ಎಂಬ ಪದ ನುಸುಳಿದರೆ ಹೊಡೆದು ಹಾಕಿ.

ಹಂತ 2: ರೋಗ ಹುಟ್ಟಿಸುವ ಮಾದರಿ ಆರಿಸಿ

ಸೆರುಲಿನ್ ಮಾದರಿ ಸುಲಭ, ಶಸ್ತ್ರಕ್ರಿಯೆ ಬೇಡ. ಕೊಲಿಸಿಸ್ಟೊಕೈನಿನ್ ಹಾರ್ಮೋನನ್ನು ಹೋಲುವ ಈ ಪೆಪ್ಟೈಡನ್ನು ಪ್ರತಿ ಕಿಲೋ ತೂಕಕ್ಕೆ 50 ಮೈಕ್ರೋಗ್ರಾಂನಂತೆ ಗಂಟೆಗೊಮ್ಮೆ ಹೊಟ್ಟೆಯ ಕುಹರಕ್ಕೆ ಚುಚ್ಚುತ್ತಾರೆ. ಆರರಿಂದ ಹನ್ನೆರಡು ಚುಚ್ಚುಮದ್ದಿನವರೆಗೆ ರೂಢಿಯಿದೆ. ಗ್ರಂಥಿ ಊದುತ್ತದೆ, ಕೋಶಗಳಲ್ಲಿ ಗುಳ್ಳೆಗಳು ಏಳುತ್ತವೆ, ನ್ಯೂಟ್ರೊಫಿಲ್ ಎಂಬ ಬಿಳಿಕಣಗಳು ನುಗ್ಗುತ್ತವೆ, ಕೆಲವು ದಿನಗಳಲ್ಲಿ ತಾನಾಗಿ ವಾಸಿಯಾಗುತ್ತದೆ. ಇದು ಸೌಮ್ಯ ರೋಗದ ಮಾದರಿ. ಇದರ ಫಲಿತಾಂಶ ಮುಂದಿಟ್ಟು ತೀವ್ರ ಕೋಶಸಾವಿನ ಬಗ್ಗೆ ಮಾತನಾಡುವಂತಿಲ್ಲ.

ಎಲ್-ಆರ್ಜಿನೈನ್ ಮಾದರಿಯಲ್ಲಿ ಕೋಶಸಾವು ಹೆಚ್ಚು. ದೊಡ್ಡ ಇಲಿಗೆ ಪ್ರತಿ ಕಿಲೋಗೆ 2.5 ಗ್ರಾಂನಂತೆ, ಸುಂಡಿಲಿಗೆ 4 ಗ್ರಾಂನಂತೆ ಒಂದು ಗಂಟೆಯ ಅಂತರದಲ್ಲಿ ಎರಡು ಸಲ ಕೊಡುವುದು ರೂಢಿ. ಹಾನಿ ತುದಿ ಮುಟ್ಟುವುದು 72 ಗಂಟೆಯ ಸುಮಾರಿಗೆ. ಇಲ್ಲಿ ಎಲ್ಲರೂ ಮರೆಯುವ ಸಂಗತಿ ಎಂದರೆ ಆರ್ಜಿನೈನ್ ಹೈಡ್ರೋಕ್ಲೋರೈಡ್‌ನ ದ್ರಾವಣ ಆಮ್ಲೀಯ. ಪಿಎಚ್ 7ರಿಂದ 7.4ಕ್ಕೆ ತರದೆ ಚುಚ್ಚಿದರೆ ಪ್ರಾಣಿ ಪ್ಯಾಂಕ್ರಿಯಾಟೈಟಿಸ್ ಬರುವ ಮೊದಲೇ ಸಾಯಬಹುದು.

ಪಿತ್ತನಾಳದ ಮೂಲಕ ಟಾರೊಕೊಲೇಟ್ ಎಂಬ ಪಿತ್ತಲವಣ ತುಂಬುವ ಮಾದರಿಗೆ ಪಳಗಿದ ಕೈ ಬೇಕು. ಮೊದಲ ಪ್ರಯೋಗಕ್ಕೆ ಅದು ಬೇಡ.

ಹಂತ 3: ಅನುಮತಿ

ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಕೈಗೆ ಬರುವವರೆಗೆ ಪ್ರಾಣಿ ತರಿಸಬೇಡಿ. ಸಮಿತಿ ಕೆಲಸ ಮಾಡುವುದು ಪ್ರಾಣಿ ಪ್ರಯೋಗಗಳ ಮೇಲುಸ್ತುವಾರಿಯ ಕೇಂದ್ರ ಸಮಿತಿಯಾದ ಸಿಸಿಎಸ್‌ಇಎ ನಿಯಮದಡಿ. ಹಳೆಯ ಕಡತಗಳಲ್ಲಿ ಅದರ ಹೆಸರು ಸಿಪಿಸಿಎಸ್‌ಇಎ. ಅರ್ಜಿಯಲ್ಲಿ ಮೂರು ಸಂಗತಿ ಬಿಟ್ಟುಹೋದರೆ ಅದು ಖಂಡಿತ ಹಿಂದಿರುಗುತ್ತದೆ: ಪ್ರಾಣಿಗಳ ಸಂಖ್ಯೆ ಹೇಗೆ ಬಂತು, ನೋವು ತಗ್ಗಿಸಲು ಏನು ಕೊಡುತ್ತೀರಿ, ಯಾವ ಲಕ್ಷಣ ಕಂಡರೆ ಪ್ರಯೋಗ ನಿಲ್ಲಿಸಿ ಪ್ರಾಣಿಗೆ ಮುಕ್ತಿ ಕೊಡುತ್ತೀರಿ.

ನೋವುನಿವಾರಕದ ಆಯ್ಕೆಯಲ್ಲಿ ಒಂದು ಸಿಕ್ಕು ಇದೆ. ಡೈಕ್ಲೋಫೆನಾಕ್ ಜಾತಿಯ ಗುಳಿಗೆಗಳು ಸ್ವತಃ ಉರಿಯೂತ ತಗ್ಗಿಸುತ್ತವೆ, ನಿಮ್ಮ ಫಲಿತಾಂಶಕ್ಕೇ ಕೈ ಹಾಕುತ್ತವೆ. ಹೀಗಾಗಿ ಬ್ಯುಪ್ರೆನಾರ್ಫಿನ್‌ನಂಥ ಒಪಿಯಾಯ್ಡ್ ಕಡೆಗೆ ಹೋಗುವವರೇ ಹೆಚ್ಚು. ಅದೂ ಪೂರ್ತಿ ನಿರ್ಲಿಪ್ತವಲ್ಲ. ಪಶುವೈದ್ಯರ ಜತೆ ಕೂತು ನಿರ್ಧರಿಸಿ, ಆಮೇಲೆ ನಿಯಂತ್ರಣ ಗುಂಪೂ ಸೇರಿ ಎಲ್ಲರಿಗೂ ಒಂದೇ ಪ್ರಮಾಣ, ಒಂದೇ ಹೊತ್ತು.

ಹಂತ 4: ಔಷಧ, ದ್ರಾವಕ, ಕೊಡುವ ದಾರಿ

ಅತಿ ಹೆಚ್ಚು ಪ್ರಬಂಧಗಳು ಮುಳುಗುವುದು ಇಲ್ಲಿ. ಹಿಂದೆ ಶಿರಸಿ ಕಡೆಯ ವಿದ್ಯಾರ್ಥಿನಿಯೊಬ್ಬಳು ಮನೆಯ ಮುರುಗಲು (ಕೋಕಂ) ಮರದ ಒಣಸಿಪ್ಪೆಯನ್ನು ಚೀಲದ ತುಂಬ ತಂದಿದ್ದಳು. ಸಿಪ್ಪೆಯಲ್ಲಿ ಗಾರ್ಸಿನಾಲ್ ಇದೆ, ಉರಿಯೂತದ ಮೇಲೆ ಅದರ ಪ್ರಭಾವ ನೋಡಬೇಕು ಎಂಬ ಆಸೆ ನ್ಯಾಯವಾದದ್ದೇ. ನೀರಿನಲ್ಲಿ ಸಾರ ತೆಗೆದು, ಹೊಟ್ಟೆಯ ಕುಹರಕ್ಕೆ ಚುಚ್ಚುತ್ತೇನೆ ಎಂದು ಬರೆದಿದ್ದಳು. ಪಿಎಚ್ ಪಟ್ಟಿ ಅದ್ದಿ ನೋಡು ಎಂದೆ. ಪಟ್ಟಿ ಕೆಂಪಾಯಿತು. ಸಾರಿಗೆ ಹುಳಿ ಕೊಡುವ ಅದೇ ಆಮ್ಲ ಕುಹರದೊಳಗೆ ಇಳಿದರೆ ಅಲ್ಲಿಯೇ ಬೇರೊಂದು ಉರಿಯೂತ ಹುಟ್ಟುತ್ತದೆ. ಆ ಹೊಸ ಉರಿಯೂತ ಒಳ್ಳೆಯ ಔಷಧವನ್ನು ಕೆಟ್ಟದ್ದೆಂದು ತೋರಿಸಬಹುದು, ಬಿಳಿಕಣಗಳನ್ನು ಕುಹರಕ್ಕೆ ಸೆಳೆದು ಕೆಟ್ಟದ್ದನ್ನು ಒಳ್ಳೆಯದೆಂದೂ ತೋರಿಸಬಹುದು. ಗಾರ್ಸಿನಾಲ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ ಎಂಬುದು ಇದರ ಮೇಲಿನ ಇನ್ನೊಂದು ಪೆಟ್ಟು. ತಾನು ಹುಡುಕುತ್ತಿದ್ದ ವಸ್ತು ಸಾರದಲ್ಲಿ ಎಷ್ಟಿತ್ತೋ ಅವಳು ಅಳೆದೇ ಇರಲಿಲ್ಲ.

ಈ ಹಂತದ ಕ್ರಮ ಹೀಗಿರಲಿ. ಮೊದಲು ಔಷಧ ಯಾವುದರಲ್ಲಿ ಕರಗುತ್ತದೆ ನೋಡಿ. ಡಿಎಂಎಸ್‌ಒ ಎಂಬ ದ್ರಾವಕ ಬಳಸುವುದಾದರೆ ಎಚ್ಚರ: ಅದು ತಾನೇ ಉತ್ಕರ್ಷಣವನ್ನು ತಡೆಯುತ್ತದೆ, ಸೆರುಲಿನ್ ರೋಗವನ್ನು ಸೌಮ್ಯಗೊಳಿಸಬಲ್ಲದು. ರೋಗದ ಗುಂಪಿಗೆ ಬರಿ ಸಲೈನ್, ಔಷಧದ ಗುಂಪಿಗೆ ಡಿಎಂಎಸ್‌ಒನಲ್ಲಿ ಕರಗಿಸಿದ ಔಷಧ ಕೊಟ್ಟರೆ ನೀವು ಅಳೆದದ್ದು ಡಿಎಂಎಸ್‌ಒನ ಗುಣವನ್ನು. ಎರಡನೆಯದಾಗಿ, ಸೆರುಲಿನ್ ಹೋಗುವ ದಾರಿಯಲ್ಲೇ ಔಷಧವನ್ನೂ ಕಳಿಸಬೇಡಿ. ಕುಹರಕ್ಕೆ ಸೆರುಲಿನ್ ಹೋಗುವುದಾದರೆ ಔಷಧ ಚರ್ಮದಡಿಯಿಂದಲೋ ಬಾಯಿಂದಲೋ ಹೋಗಲಿ.

ಪ್ರಮಾಣದ ಲೆಕ್ಕಕ್ಕೂ ಎರಡು ನಿಮಿಷ ಕೊಡಿ. ಸುಂಡಿಲಿಯ ಪ್ರಮಾಣವನ್ನು 12.3ರಿಂದ ಭಾಗಿಸಿದರೆ ಮನುಷ್ಯರ ಸಮಪ್ರಮಾಣ ಸ್ಥೂಲವಾಗಿ ಸಿಗುತ್ತದೆ. ದೊಡ್ಡ ಇಲಿಯದಾದರೆ 6.2ರಿಂದ. ಕಿಲೋಗೆ 500 ಮಿಲಿಗ್ರಾಂ ಸಾರ ಎಂದು ಬರೆದವರು 60 ಕಿಲೋ ತೂಗುವ ಮನುಷ್ಯನಿಗೆ ಸುಮಾರು 2.4 ಗ್ರಾಂ ಸಾರ ತಿನ್ನಿಸುತ್ತಿದ್ದಾರೆ. ಅದು ಔಷಧವೋ ಊಟವೋ ಎಂದು ಪರೀಕ್ಷಕರು ಕೇಳುತ್ತಾರೆ.

ಹಂತ 5: ಗುಂಪುಗಳನ್ನು ಕಟ್ಟಿ

ಕನಿಷ್ಠ ಐದು ಗುಂಪು ಬೇಕು:

ಕ. ದ್ರಾವಕ, ಸೆರುಲಿನ್ ಬದಲು ಸಲೈನ್
ಖ. ಔಷಧ, ಸೆರುಲಿನ್ ಬದಲು ಸಲೈನ್
ಗ. ದ್ರಾವಕ, ಸೆರುಲಿನ್
ಘ. ಔಷಧ ಮೊದಲು, ಸೆರುಲಿನ್
ಙ. ಸೆರುಲಿನ್ ಶುರುವಾದ ಮೇಲೆ ಔಷಧ

ಕೊನೆಯದನ್ನು ಸೇರಿಸಿ ಎಂದಾಗಲೆಲ್ಲ ಮುಖಗಳು ಬಾಡುತ್ತವೆ. ಆದರೂ ಬಿಡಬೇಡಿ, ಹಂತ 1ರ ಆಂಬ್ಯುಲೆನ್ಸ್ ರೋಗಿಗೆ ಹತ್ತಿರವಿರುವ ಗುಂಪು ಅದೊಂದೇ. ಪ್ರತಿ ಪ್ರಾಣಿಗೂ ಎರಡು ಹೊತ್ತು ಚುಚ್ಚಿ, ಒಮ್ಮೆ ಮೊದಲು, ಒಮ್ಮೆ ಆಮೇಲೆ. ಘ ಗುಂಪಿಗೆ ಮೊದಲನೆಯದು ಔಷಧ, ಎರಡನೆಯದು ಬರಿ ದ್ರಾವಕ. ಙ ಗುಂಪಿಗೆ ಅದರ ತಿರುಗು. ಖ ಗುಂಪಿಗೆ ಘ ಗುಂಪಿನಂತೆಯೇ. ಉಳಿದ ಎರಡಕ್ಕೆ ಎರಡೂ ಸಲ ದ್ರಾವಕ. ಹೀಗೆ ಮಾಡಿದರೆ ಹಿಡಿದು ಚುಚ್ಚುವ ಒತ್ತಡ ಎಲ್ಲರಿಗೂ ಒಂದೇ.

ಗುಂಪಿಗೆ ಆರು ಎಂಬುದು ವೇದವಾಕ್ಯವಲ್ಲ. ಪೂರ್ವಪರೀಕ್ಷೆಯಲ್ಲಿ ಅಳತೆ ಎಷ್ಟು ಚದುರಿತೋ ಅದರಿಂದ ಸಂಖ್ಯೆಯನ್ನು ಲೆಕ್ಕ ಹಾಕಿಸಿ. ಯಾವ ಸುಂಡಿಲಿ ಯಾವ ಗುಂಪಿಗೆ ಎಂಬುದನ್ನು ಕಂಪ್ಯೂಟರಿನ ಯಾದೃಚ್ಛಿಕ ಸಂಖ್ಯೆ ಹೇಳಲಿ. ಕೈಗೆ ಮೊದಲು ಸಿಕ್ಕಿದ್ದನ್ನು ನಿಯಂತ್ರಣಕ್ಕೆ ಹಾಕುವುದು ಹಳೆಯ ಚಾಳಿ. ಮೊದಲು ಸಿಗುವುದು ಮಂಕಾದ ಪ್ರಾಣಿ. ಸಿರಿಂಜಿನ ಮೇಲೆ ಅಂಟುವುದು ಗುಪ್ತಸಂಖ್ಯೆ ಮಾತ್ರ. ಅದರ ಕೀಲಿಪಟ್ಟಿ ಪ್ರಯೋಗಕ್ಕೆ ಸಂಬಂಧವಿಲ್ಲದ ಒಬ್ಬರ ಕಪಾಟಿನಲ್ಲಿರಲಿ.

ಹಂತ 6: ಸಲಕರಣೆ ಮತ್ತು ಪ್ರಾಣಿಮನೆ

ನೆನಪಿಟ್ಟು ಜೋಡಿಸಿಕೊಳ್ಳಿ: 30 ಗೇಜ್ ಸೂಜಿಯ ಇನ್ಸುಲಿನ್ ಸಿರಿಂಜ್, ಬಾಯಿಂದ ಕೊಡುವುದಿದ್ದರೆ ತುದಿ ಗುಂಡಾದ ಗವಾಜ್ ಸೂಜಿ, ಮಿಲಿಗ್ರಾಂನ ಹತ್ತನೇ ಒಂದು ಭಾಗ ತೋರಿಸುವ ತಕ್ಕಡಿ, ತಣ್ಣಗೆ ತಿರುಗುವ ಸೆಂಟ್ರಿಫ್ಯೂಜ್, ತೆಳು ಬಾಗಿದ ಚಿಮಟ, ದ್ರವ ಸಾರಜನಕ, ತಟಸ್ಥ ಬಫರಿನ ಶೇ 10 ಫಾರ್ಮಲಿನ್, ಒಣಗಿಸುವ ಓವನ್, ಡೆಸಿಕೇಟರ್. ಗಡಿಯಾರ ಒಂದು ಸಾಲದು, ಎರಡಿರಲಿ.

ಆಷಾಢದಲ್ಲಿ ಭರಣಿಯ ಉಪ್ಪೇ ನೀರಾಗುವ ಊರು ನಮ್ಮದು. ಪ್ರಾಣಿಮನೆಯ ತೇವ ಶೇ 70ರ ಒಳಗಿರಬೇಕು, ಉಷ್ಣತೆ 22 ಡಿಗ್ರಿಯ ಆಸುಪಾಸು, ಬೆಳಕು ಹನ್ನೆರಡು ಗಂಟೆ, ಕತ್ತಲು ಹನ್ನೆರಡು ಗಂಟೆ. ಮಳೆಗಾಲದಲ್ಲಿ ಭತ್ತದ ಹೊಟ್ಟಿನ ಹಾಸು ಒಂದೇ ದಿನದಲ್ಲಿ ಮುಗ್ಗುತ್ತದೆ. ಪಂಜರದೊಳಗೆ ಅಮೋನಿಯ ಏಳುತ್ತದೆ. ಪ್ರಾಣಿಯ ಶ್ವಾಸಕೋಶ ಕೆರಳುತ್ತದೆ. ಆಮೇಲೆ ಶ್ವಾಸಕೋಶದ ನ್ಯೂಟ್ರೊಫಿಲ್ ಅಳೆದರೆ ನಿಯಂತ್ರಣ ಗುಂಪಿನಲ್ಲೂ ಸಂಖ್ಯೆ ಮೇಲೆ. ಬಾಗಿಲು ತೆರೆದ ಕೂಡಲೇ ಮೂಗಿಗೆ ಘಾಟು ಹೊಡೆದರೆ ಆ ವಾರ ಪ್ರಯೋಗ ಬೇಡ. ಸಾಧ್ಯವಿದ್ದರೆ ಪೂರ್ತಿ ಕೆಲಸವನ್ನು ನವೆಂಬರ್‌ನಿಂದ ಮಾರ್ಚ್ ಒಳಗೆ ಇಟ್ಟುಕೊಳ್ಳಿ.

ಅಳತೆಗೆ ತರಿಸುವ ಕಿಟ್‌ಗಳದ್ದೂ ಇದೇ ಕಥೆ. ಹುಬ್ಬಳ್ಳಿಯಿಂದ ಒಣಮಂಜಿನಲ್ಲಿ (ಡ್ರೈ ಐಸ್) ಬರುವ ಪೆಟ್ಟಿಗೆ ಅರಬೈಲ್ ಘಟ್ಟದಲ್ಲಿ ಲಾರಿ ಅಡ್ಡ ಬಿದ್ದ ರಾತ್ರಿ ಎಲ್ಲಿರುತ್ತದೆ ಯೋಚಿಸಿ. ಪೆಟ್ಟಿಗೆ ಒಡೆದಾಗ ಒಣಮಂಜು ಉಳಿದಿರಲಿಲ್ಲ ಎಂದಾದರೆ ಕಿಟ್ ಚೆನ್ನಾಗಿಯೇ ಕಾಣುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ.

ಪ್ರಾಣಿ ಬಂದ ಮೇಲೆ ಕನಿಷ್ಠ ಒಂದು ವಾರ ಒಗ್ಗಿಕೊಳ್ಳಲು ಬಿಡಿ.

ಹಂತ 7: ಪೂರ್ವಪರೀಕ್ಷೆ

ಮೂರು ಸುಂಡಿಲಿಗೆ ಸೆರುಲಿನ್, ಮೂರಕ್ಕೆ ಸಲೈನ್. ಔಷಧ ಬೇಡವೇ ಬೇಡ. ನಿಮ್ಮ ಕೈಯಲ್ಲಿ, ನಿಮ್ಮ ಸೆರುಲಿನ್ ಸೀಸೆಯಲ್ಲಿ, ನಿಮ್ಮ ತಳಿಯಲ್ಲಿ ರೋಗ ಬರುತ್ತದೆಯೇ ಎಂಬುದಷ್ಟೇ ಪ್ರಶ್ನೆ. ಪೆಪ್ಟೈಡನ್ನು ಕರಗಿಸಿದ ದಿನವೇ ಸಣ್ಣ ಸಣ್ಣ ಪಾಲು ಮಾಡಿ ಹೆಪ್ಪುಗಟ್ಟಿಸಿ, ಒಮ್ಮೆ ಕರಗಿದ ಪಾಲನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ರೋಗ ಬಂದಿದ್ದರೆ ಗ್ರಂಥಿಯನ್ನು ಬರಿಗಣ್ಣಿನಲ್ಲೇ ಗುರುತಿಸಬಹುದು: ತೆಳುವಾಗಿ ಹರಡಿರಬೇಕಾದದ್ದು ನೀರು ಕುಡಿದ ಅವಲಕ್ಕಿಯಂತೆ ಉಬ್ಬಿ, ಹೊಳೆಯುತ್ತಾ, ಜೆಲ್ಲಿಯಂತೆ ನಡುಗುತ್ತದೆ. ಹಾಗೆ ಕಾಣದಿದ್ದರೆ ಮುಂದಕ್ಕೆ ಹೋಗಬೇಡಿ.

ಹಂತ 8: ಪ್ರಯೋಗದ ದಿನದ ವೇಳಾಪಟ್ಟಿ

ಇಪ್ಪತ್ತನಾಲ್ಕು ಸುಂಡಿಲಿಗಳನ್ನು ಒಂದೇ ದಿನ ಮುಗಿಸುವ ಆತುರವೇ ಅರ್ಧ ಪ್ರಬಂಧಗಳನ್ನು ಕೊಂದಿದೆ. ಲೆಕ್ಕ ನೋಡಿ. ಒಂದು ಪ್ರಾಣಿಯ ರಕ್ತ ಮತ್ತು ಅಂಗ ತೆಗೆಯಲು ಹತ್ತು ನಿಮಿಷ ಬೇಕೆಂದರೆ ಇಪ್ಪತ್ತನಾಲ್ಕಕ್ಕೆ ನಾಲ್ಕು ಗಂಟೆ. ರೋಗದ ಗುಂಪಿನಿಂದ ಶುರುಮಾಡಿ ಔಷಧದ ಗುಂಪಿನಲ್ಲಿ ಮುಗಿಸಿದರೆ, ಮೊದಲನೆಯದರ ರಕ್ತ ಕೊನೆಯ ಚುಚ್ಚುಮದ್ದಿನ ಒಂದು ಗಂಟೆಗೆ, ಕೊನೆಯದರದ್ದು ಐದು ಗಂಟೆಗೆ ಬಂದಿರುತ್ತದೆ. ಅಮೈಲೇಸ್ ಗಂಟೆಗಂಟೆಗೂ ಬದಲಾಗುವ ವಸ್ತು. ಆ ವ್ಯತ್ಯಾಸ ಗಡಿಯಾರದ್ದು, ಔಷಧದ್ದಲ್ಲ.

ದಿನಕ್ಕೆ ಐದೇ ಸುಂಡಿಲಿ ಇಟ್ಟುಕೊಳ್ಳಿ, ಪ್ರತಿ ಗುಂಪಿನಿಂದ ಒಂದೊಂದು, ಒಂದರಿಂದ ಇನ್ನೊಂದಕ್ಕೆ ಹತ್ತು ನಿಮಿಷದ ಅಂತರ. ಯಾವುದು ಮೊದಲು ಎಂಬ ಸರದಿ ದಿನದಿನವೂ ಬದಲಾಗಲಿ. ಎಂಟು ದಿನದಲ್ಲಿ ಗುಂಪಿಗೆ ಎಂಟಾಗುತ್ತವೆ, ಒಂದು ದಿನ ಕೆಟ್ಟರೂ ಎಲ್ಲ ಗುಂಪಿಗೂ ಸಮಾನವಾಗಿ ಕೆಡುತ್ತದೆ.

ಮೊದಲ ಪ್ರಾಣಿಯ ದಿನಚರಿ ಹೀಗೆ. ಹಿಂದಿನ ಸಂಜೆಯಿಂದ ಆಹಾರವಿಲ್ಲ, ನೀರಿದೆ. ಸುಂಡಿಲಿ ರಾತ್ರಿ ತಿನ್ನುವ ಜೀವ, ಆದ್ದರಿಂದ ಉಪವಾಸ ಎಲ್ಲರಿಗೂ ಒಂದೇ ಗಂಟೆಗೆ ಶುರುವಾಗಲಿ, ಹಾಸನ್ನೂ ಬದಲಿಸಿ. ಹಾಸಿನಲ್ಲಿ ಬಿದ್ದ ಕಾಳನ್ನು ಅದು ಬಿಡುವುದಿಲ್ಲ. ಬೆಳಗ್ಗೆ 6ಕ್ಕೆ ತೂಕ, ಮೊದಲ ಔಷಧ ಅಥವಾ ದ್ರಾವಕ. 7ಕ್ಕೆ ಮೊದಲ ಸೆರುಲಿನ್. ಆಮೇಲೆ ಗಂಟೆಗೊಂದರಂತೆ ಮಧ್ಯಾಹ್ನ 1ರವರೆಗೆ ಒಟ್ಟು ಏಳು. ನಡುವೆ 9.30ಕ್ಕೆ ಎರಡನೇ ಹೊತ್ತಿನ ಔಷಧ ಅಥವಾ ದ್ರಾವಕ. ಇದನ್ನು ಚರ್ಮದಡಿಗೇ ಕೊಡಿ, ಏಕೆಂದರೆ ಆ ಹೊತ್ತಿಗೆ ಹೊಟ್ಟೆ ಕರುಳು ಸರಿಯಾಗಿ ಚಲಿಸುತ್ತಿರುವುದಿಲ್ಲ, ಬಾಯಿಂದ ಕೊಟ್ಟದ್ದು ರಕ್ತಕ್ಕೆ ಏರುತ್ತದೆಂಬ ಭರವಸೆಯಿಲ್ಲ. 2ಕ್ಕೆ ರಕ್ತ ಮತ್ತು ಗ್ರಂಥಿ. ನಿಮ್ಮ ಔಷಧ ರಕ್ತದಲ್ಲಿ ಎಷ್ಟು ಹೊತ್ತು ಉಳಿಯುತ್ತದೆ ಎಂದು ತಿಳಿದು ಬೆಳಗಿನ 6ರ ಹೊತ್ತನ್ನು ಹಿಂದೆಮುಂದೆ ಸರಿಸಿ. ಅರ್ಧ ಗಂಟೆಯಲ್ಲಿ ಮಾಯವಾಗುವ ಔಷಧವನ್ನು ಒಂದು ಗಂಟೆ ಮೊದಲು ಕೊಟ್ಟು ಫಲವಿಲ್ಲ ಎಂದು ಬರೆಯುವುದು ಔಷಧಕ್ಕೆ ಅನ್ಯಾಯ.

ದ್ರವದ ಪ್ರಮಾಣವನ್ನು ಯಾರೂ ನೋಡುವುದಿಲ್ಲ, ನೀವು ನೋಡಿ. ಸೆರುಲಿನ್ ದ್ರಾವಣ ಮಿಲಿಲೀಟರಿಗೆ 5 ಮೈಕ್ರೋಗ್ರಾಂ ಇದ್ದರೆ 24 ಗ್ರಾಂ ಸುಂಡಿಲಿಗೆ ಒಂದು ಸಲಕ್ಕೆ 0.24 ಮಿಲಿಲೀಟರ್, ಏಳು ಸಲಕ್ಕೆ 1.68. ಅದರ ಮೈತೂಕದ ಶೇ 7ರಷ್ಟು ಸಲೈನ್! ಪ್ಯಾಂಕ್ರಿಯಾಟೈಟಿಸ್‌ಗೆ ಆಸ್ಪತ್ರೆಯಲ್ಲಿ ಮೊದಲು ಕೊಡುವುದೇ ಸಲೈನ್. ಅರಿಯದೆ ನೀವೂ ಉಪಚಾರ ಮಾಡಿಬಿಟ್ಟಿರಿ. 10 ಮೈಕ್ರೋಗ್ರಾಂನ ದ್ರಾವಣ ಮಾಡಿಕೊಂಡರೆ ಪ್ರಮಾಣ ಅರ್ಧಕ್ಕಿಳಿಯುತ್ತದೆ.

ಎಚ್ಚರಿಕೆಯ ಲಕ್ಷಣಗಳು: ಬೆನ್ನು ಗೂನಾಗಿಸಿ ಮೂಲೆ ಸೇರುವುದು, ರೋಮ ನಿಮಿರುವುದು, ಕಣ್ಣು ಅರೆಮುಚ್ಚುವುದು ಈ ಮಾದರಿಯಲ್ಲಿ ನಿರೀಕ್ಷಿತ, ನೋವಿನ ಗುರುತು ಎಂದು ಬರೆದಿಟ್ಟುಕೊಳ್ಳಿ. ಮುಟ್ಟಿದರೂ ಕದಲದಿದ್ದರೆ, ಮೈ ತಣ್ಣಗಾದರೆ, ಉಸಿರಿಗೆ ಏದುಸಿರು ಸೇರಿದರೆ ಅಲ್ಲಿಗೆ ನಿಲ್ಲಿಸಬೇಕು. ಸಲೈನ್ ಗುಂಪಿನ ಪ್ರಾಣಿಯೊಂದು ಹೀಗಾದರೆ ಸೂಜಿ ಕರುಳಿಗೆ ತಾಗಿದೆ ಎಂದೇ ಶಂಕಿಸಿ.

ಹಂತ 9: ರಕ್ತ, ಗ್ರಂಥಿ, ಗಡಿಬಿಡಿ

ಪ್ರಾಣಿಯ ಉಸಿರು ನಿಂತ ಕ್ಷಣದಿಂದ ಮೇದೋಜೀರಕ ಗ್ರಂಥಿ ತನ್ನನ್ನು ತಾನೇ ಅರಗಿಸಿಕೊಳ್ಳತೊಡಗುತ್ತದೆ. ಅದಕ್ಕೇ ರಕ್ತ ತೆಗೆದ ಕೂಡಲೇ ಗ್ರಂಥಿ, ಆಮೇಲೆ ಉಳಿದದ್ದು. ಶ್ವಾಸಕೋಶ ನಿಧಾನವಾದರೆ ನಡೆಯುತ್ತದೆ, ಇದು ನಡೆಯುವುದಿಲ್ಲ.

ಸುಂಡಿಲಿಯ ಮೇದೋಜೀರಕ ನಮ್ಮದರಂತೆ ಗಟ್ಟಿಯಾದ ಒಂದು ಅಂಗವಲ್ಲ. ಕರುಳಿನ ಮಡಿಕೆಯಲ್ಲಿ ಕೊಬ್ಬಿನ ಜತೆ ಕಲೆತು ಹರಡಿರುತ್ತದೆ. ಗುಲ್ಮವನ್ನು (ಸ್ಪ್ಲೀನ್) ಚಿಮಟದಿಂದ ಎತ್ತಿ ಹಿಡಿದು ಅಲ್ಲಿಂದ ಬಿಡಿಸುತ್ತಾ ಬನ್ನಿ. ಹಿಂಡಬೇಡಿ, ಎಳೆಯಬೇಡಿ. ಕೊಬ್ಬೋ ಗ್ರಂಥಿಯೋ ಎಂದು ಸಂದೇಹ ಬಂದರೆ ಸಲೈನ್ ಬಟ್ಟಲಿಗೆ ಹಾಕಿ: ಕೊಬ್ಬು ತೇಲುತ್ತದೆ, ಗ್ರಂಥಿ ಮುಳುಗುತ್ತದೆ.

ಗುಲ್ಮದ ಕಡೆಯ ತುಂಡು ಯಾವಾಗಲೂ ಫಾರ್ಮಲಿನ್‌ಗೆ, ನಡುವಿನದು ತೇವದ ತೂಕಕ್ಕೆ, ಕರುಳಿನ ಕಡೆಯದು ದ್ರವ ಸಾರಜನಕಕ್ಕೆ ಎಂದು ಮೊದಲೇ ಗೊತ್ತುಮಾಡಿ ಗೋಡೆಗೆ ಅಂಟಿಸಿ. ಊತ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ; ಇಂದು ಬಾಲ, ನಾಳೆ ತಲೆ ತೆಗೆದರೆ ಅಂಕಗಳು ಚೆಲ್ಲಾಪಿಲ್ಲಿಯಾಗುತ್ತವೆ. ಆರ್‌ಎನ್‌ಎ ಬೇಕಿದ್ದವರಿಗೆ ಇನ್ನೂ ಕಷ್ಟ. ಆರ್‌ಎನ್‌ಎಯನ್ನು ಕತ್ತರಿಸುವ ಕಿಣ್ವ ತುಂಬಿಕೊಂಡ ಅಂಗ ಇದು, ಸೆಕೆಂಡುಗಳ ಲೆಕ್ಕ.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುವ ನಳಿಕೆಗೆ ರಕ್ತವನ್ನು ತೆಗೆಯಬೇಡಿ. ಅಮೈಲೇಸ್‌ಗೆ ಕ್ಯಾಲ್ಸಿಯಂ ಬೇಕು, ಇಡಿಟಿಎ ಅದನ್ನು ಕಿತ್ತುಕೊಳ್ಳುತ್ತದೆ. ಸೀರಮ್ ಅಥವಾ ಹೆಪಾರಿನ್ ನಳಿಕೆ ಇರಲಿ. ಇನ್ನೊಂದು ಮಾತು ತಮಾಷೆಯಾಗಿ ಕೇಳಿಸಬಹುದು: ತೆಗೆದಿಟ್ಟ ರಕ್ತದ ಮೇಲೆ ಬಾಗಿ ಮಾತನಾಡಬೇಡಿ. ನಿಮ್ಮ ಎಂಜಲಿನಲ್ಲಿ ಅಮೈಲೇಸ್ ಧಾರಾಳವಾಗಿದೆ.

ಹಂತ 10: ಅಳತೆಗಳು

ಅಮೈಲೇಸ್ ಒಂದನ್ನೇ ನಂಬಬೇಡಿ, ಕೊಬ್ಬು ಅರಗಿಸುವ ಕಿಣ್ವವಾದ ಲೈಪೇಸ್ ಸೇರಿಸಿ. ಸುಂಡಿಲಿಯ ಸಹಜ ಅಮೈಲೇಸ್ ಮನುಷ್ಯರದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಆಸ್ಪತ್ರೆಯ ಯಂತ್ರಕ್ಕೆ ಸೀರಮನ್ನು ಹಾಗೆಯೇ ಕೊಟ್ಟರೆ ಅದು ತನ್ನ ಮಿತಿಯ ಅಂಕಿಗೆ ಹೋಗಿ ನಿಲ್ಲುತ್ತದೆ. ಎಲ್ಲ ಗುಂಪಿಗೂ ಒಂದೇ ಸಂಖ್ಯೆ ಬಂದಿದ್ದರೆ ಇದೇ ಕಾರಣ. ಸಲೈನ್‌ನಲ್ಲಿ ತೆಳುಮಾಡಿ ಮತ್ತೆ ಓದಿಸಿ.

ತೇವ ಮತ್ತು ಒಣ ತೂಕದ ಅನುಪಾತ ಅಗ್ಗದ, ಪ್ರಾಮಾಣಿಕ ಅಳತೆ. ತುಂಡನ್ನು ತೂಗಿ, ಓವನ್‌ನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ, ಮತ್ತೆ ತೂಗಿ. ಓವನ್‌ನಿಂದ ತಕ್ಕಡಿಗೆ ಹೋಗುವ ದಾರಿಯಲ್ಲಿ ನಮ್ಮೂರ ಗಾಳಿ ಅದಕ್ಕೆ ನೀರು ಕುಡಿಸುತ್ತದೆ, ಡೆಸಿಕೇಟರ್ ಇರುವುದು ಅದಕ್ಕೇ.

ನ್ಯೂಟ್ರೊಫಿಲ್ ಲೆಕ್ಕಕ್ಕೆ ಅವುಗಳೊಳಗಿನ ಮೈಲೋಪೆರಾಕ್ಸಿಡೇಸ್ ಕಿಣ್ವ ಅಳೆಯಿರಿ. ಬಫರಿನಲ್ಲಿ ಶೇ 0.5 ಎಚ್‌ಟಿಎಬಿ ಎಂಬ ಮಾರ್ಜಕ ಇಲ್ಲದಿದ್ದರೆ ಕಿಣ್ವ ಕಣಗಳಿಂದ ಹೊರಬರುವುದಿಲ್ಲ. ಶ್ವಾಸಕೋಶದಲ್ಲಿ ಅಳೆಯುವ ಮೊದಲು ಸಲೈನ್ ಹರಿಸಿ ರಕ್ತ ತೊಳೆಯಿರಿ. ಟಿಎನ್‌ಎಫ್-ಆಲ್ಫಾ, ಐಎಲ್-6 ಮುಂತಾದ ಉರಿಯೂತದ ಸಂದೇಶ ಪ್ರೋಟೀನುಗಳ ಅಳತೆ ಕಿಟ್ ಹೇಳಿದಂತೆ.

ಸೂಕ್ಷ್ಮದರ್ಶಕದ ಅಂಕಕ್ಕೆ ಊತ, ಬಿಳಿಕಣ, ಕೋಶಸಾವು, ರಕ್ತಸ್ರಾವವನ್ನು ಬೇರೆ ಬೇರೆಯಾಗಿ ನೋಡಿ. ಇಬ್ಬರು, ಗುಂಪು ಗೊತ್ತಿಲ್ಲದವರು, ಪ್ರತ್ಯೇಕವಾಗಿ ಕೂತು ಅಂಕ ಕೊಡಲಿ. ಊತ ಮಾತ್ರ ಇಳಿದು ಬಿಳಿಕಣಗಳು ಹಾಗೆಯೇ ಇದ್ದರೆ ಉರಿಯೂತ ತಗ್ಗಿತೆಂದು ಬರೆಯಲಾಗದು.

ಹಂತ 11: ಫಲಿತಾಂಶ ಚೆನ್ನಾಗಿ ಬಂದರೆ ಅನುಮಾನಿಸಿ

ಮುರುಗಲಿನ ಹುಡುಗಿ ಮರುವರ್ಷ ಸಾರವನ್ನು ತಟಸ್ಥಗೊಳಿಸಿ ಬಾಯಿಂದ ಕೊಟ್ಟಳು. ಅಮೈಲೇಸ್ ಸಲೈನ್ ಗುಂಪಿನ ಮಟ್ಟಕ್ಕೇ ಇಳಿಯಿತು. ನಾನೂ ಹಿಗ್ಗಿದೆ, ಎರಡು ದಿನ ಆ ಹಾಳೆಯನ್ನು ಕಿಸೆಯಲ್ಲಿಟ್ಟುಕೊಂಡು ಓಡಾಡಿದೆ. ಆದರೆ ಸೂಕ್ಷ್ಮದರ್ಶಕದ ಗಾಜುಪಟ್ಟಿಯಲ್ಲಿ ಗ್ರಂಥಿ ಊದಿಯೇ ಇತ್ತು. ರೋಗದ ಸುಂಡಿಲಿಯ ಸೀರಮನ್ನು ಎರಡು ಪಾಲು ಮಾಡಿ, ಒಂದಕ್ಕೆ ಹನಿ ಸಾರ, ಇನ್ನೊಂದಕ್ಕೆ ಹನಿ ಸಲೈನ್ ಹಾಕಿ ಓದಿಸಿದೆವು. ಸಾರ ಬಿದ್ದ ಪಾಲಿನ ಓದು ನೆಲ ಕಚ್ಚಿತು. ಸಸ್ಯದ ಪಾಲಿಫೀನಾಲ್‌ಗಳು ಅಮೈಲೇಸನ್ನು ನೇರವಾಗಿ ತಡೆಯಬಲ್ಲವು, ಕೆಂಪು ಬಣ್ಣ ಬೆಳಕಿನ ಓದನ್ನೂ ಕೆಡಿಸಬಲ್ಲದು. ಈ ನಳಿಕೆ ಪರೀಕ್ಷೆಗೆ ಅರ್ಧ ಗಂಟೆ ಸಾಕು. ಇದನ್ನು ಪ್ರಯೋಗಕ್ಕೆ ಮೊದಲೇ ಮಾಡಿಸದಿದ್ದ ತಪ್ಪು ನನ್ನದು.

ಎರಡನೇ ಅನುಮಾನ ಇನ್ನೂ ಆಳದ್ದು. ಸೆರುಲಿನ್ ಕೆಲಸ ಮಾಡುವುದು ಗ್ರಂಥಿಕೋಶದ ಮೇಲಿರುವ ಕೊಲಿಸಿಸ್ಟೊಕೈನಿನ್ ಗ್ರಾಹಿಯ (ರಿಸೆಪ್ಟರ್) ಮೂಲಕ. ನಿಮ್ಮ ಔಷಧ ಆ ಗ್ರಾಹಿಯನ್ನು ಮುಚ್ಚಿದರೆ ರೋಗ ಹುಟ್ಟಲೇ ಇಲ್ಲ. ಬೀಗವಿದ್ದ ಬಾಗಿಲ ಮುಂದೆ ಕಳ್ಳ ಬಂದು ಹೋದಂತೆ. ಮನುಷ್ಯರಲ್ಲಿ ಪಿತ್ತಕಲ್ಲಿನಿಂದಲೋ ಮದ್ಯದಿಂದಲೋ ಬರುವ ರೋಗ ಆ ಬಾಗಿಲಿಂದ ಬರುವುದೇ ಇಲ್ಲ. ಪರೀಕ್ಷಿಸಲು ಎರಡು ದಾರಿ. ಬಿಡಿಸಿದ ಗ್ರಂಥಿಕೋಶಗಳಿಗೆ ಔಷಧ ಹಾಕಿ ಸೆರುಲಿನ್‌ಗೆ ಅವು ಅಮೈಲೇಸ್ ಸುರಿಸುತ್ತವೆಯೇ ನೋಡುವುದು ಒಂದು. ಆ ಸೌಕರ್ಯ ಇಲ್ಲದಿದ್ದರೆ ಗ್ರಾಹಿಗೆ ಸಂಬಂಧವಿಲ್ಲದ ಆರ್ಜಿನೈನ್ ಮಾದರಿಯಲ್ಲಿ ಅದೇ ಔಷಧವನ್ನು ಮತ್ತೊಮ್ಮೆ ನೋಡುವುದು. ಎರಡರಲ್ಲೂ ಫಲ ಬಂದರೆ ಮಾತಿಗೆ ತೂಕ. ನೈಟ್ರಿಕ್ ಆಕ್ಸೈಡ್ ಮೇಲೆ ಕೆಲಸ ಮಾಡುವ ಔಷಧವಾದರೆ ಆರ್ಜಿನೈನ್ ಮಾದರಿ ತಾನೇ ತೊಡಕಿನದು, ಆಗ ಟಾರೊಕೊಲೇಟ್ ಗೊತ್ತಿರುವವರ ನೆರವು ಕೇಳಿ.

ಹಂತ 12: ಲೆಕ್ಕ ಮತ್ತು ಬರವಣಿಗೆ

ಐದು ಗುಂಪನ್ನು ಎರಡೆರಡಾಗಿ ಹಿಡಿದು ಟಿ-ಪರೀಕ್ಷೆ ಓಡಿಸಬೇಡಿ. ಹತ್ತು ಜೋಡಿಗಳಾಗುತ್ತವೆ, ಒಂದಾದರೂ ಅದೃಷ್ಟದಿಂದ ಗೆಲ್ಲಬಹುದು. ಎಲ್ಲ ಗುಂಪುಗಳನ್ನು ಒಟ್ಟಿಗೆ ಹೋಲಿಸುವ ಅನೋವಾ ಮಾಡಿ, ಆಮೇಲೆ ಮೊದಲೇ ಗೊತ್ತುಮಾಡಿದ ಹೋಲಿಕೆ. ಸೂಕ್ಷ್ಮದರ್ಶಕದ ಅಂಕಗಳಿಗೆ ಕ್ರಸ್ಕಲ್-ವಾಲಿಸ್ ಪರೀಕ್ಷೆ. ಒಂದೇ ಗ್ರಂಥಿಯ ಹತ್ತು ನೋಟಗಳು ಹತ್ತು ಪ್ರಾಣಿಗಳಲ್ಲ. ಸರಾಸರಿ ತೆಗೆದು ಒಂದು ಸಂಖ್ಯೆ ಮಾಡಿ.

ಬರೆಯುವಾಗ ಪ್ರಾಣಿ ಪ್ರಯೋಗದ ವರದಿಯಲ್ಲಿ ಏನೇನಿರಬೇಕೆಂದು ಹೇಳುವ 2020ರ ಅರೈವ್ 2.0 ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಳ್ಳಿ. ಶೀರ್ಷಿಕೆಯಲ್ಲಿ "ಪೂರ್ವಚಿಕಿತ್ಸೆ" ಮತ್ತು "ಸುಂಡಿಲಿ" ಎರಡೂ ಇರಲಿ. ಔಷಧವನ್ನು ಮೊದಲು ಕೊಟ್ಟಾಗ ಫಲ ಬಂದು ಆಮೇಲೆ ಕೊಟ್ಟಾಗ ಬರದಿದ್ದರೆ ಆ ಙ ಗುಂಪನ್ನು ಅನುಬಂಧಕ್ಕೆ ತಳ್ಳದೆ ಅದೇ ಚಿತ್ರದಲ್ಲಿ, ಅದೇ ಅಳತೆಗೋಲಿನಲ್ಲಿ ಪಕ್ಕಕ್ಕೆ ನಿಲ್ಲಿಸಿ. ನಡುವೆ ಸತ್ತ ಪ್ರಾಣಿ, ರಕ್ತ ಒಡೆದು ಕೆಂಪಾದ ಸೀರಮ್, ಸೂಜಿ ತಪ್ಪಿದ ದಿನ, ಪ್ರತಿಯೊಂದಕ್ಕೂ ಕೋಷ್ಟಕದಲ್ಲಿ ಒಂದು ಸಾಲು ಕೊಡಿ: ಯಾವ ಗುಂಪು, ಎಷ್ಟು ಗಂಟೆಗೆ, ಏಕೆ ಕೈಬಿಟ್ಟಿರಿ.